ನನ್ನ ಕಬ್ಬಿನಾಗ ಅವರ ಬ್ಯಾಟಿ

ನನ್ನ ಹೊಲಕ್ಕೆ ಬೇಟೆಗೆ ಬರುತ್ತಿದ್ದವರು ಒಂದು ಸಲವೂ ನನ್ನನ್ನು ಕೇಳಿ ಬಂದವರಲ್ಲ. ಕೇಳಿದರೆ ಬೇರೆ ಯಾರನ್ನಾದರೂ ಕೇಳುತ್ತಿದ್ದರು. ನನ್ನ ಗಂಡನನ್ನು, ಚಿಕ್ಕಪ್ಪನ ಮಗನನ್ನು, ಯಾರೂ ಸಿಗದಿದ್ದರೆ ಕಬ್ಬು ಕಡಿಯಲು ಬಂದ ಗ್ಯಾಂಗಿನ ಮೇಸ್ತ್ರಿಯಾದ ಮುಕಾದಮನನ್ನು. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇರುವುದು ಮಾತ್ರ ನನ್ನೊಬ್ಬಳ ಹೆಸರು.

ಮಂಗಸೂಳಿಯಿಂದ ಕಾಗವಾಡದ ಕಡೆ ಹೋಗುವ ರಸ್ತೆ ಬಿಟ್ಟು ಬಂಡಿದಾರಿ ಹಿಡಿದರೆ ನಮ್ಮ ಹೊಲ. ಮುಂದೆ ದ್ರಾಕ್ಷಿ, ಹಿಂದೆ ಕಬ್ಬು, ಅದರಾಚೆ ಒಂದು ಹಳ್ಳ, ಹಳ್ಳದಾಚೆ ಜಾಲಿ ಬೆಳೆದ ಗಾಯರಾಣ, ಅಂದರೆ ಊರ ದನ ಮೇಯುವ ಜಾಗ. ಅಪ್ಪನಿಗೆ ನಾನೊಬ್ಬಳೇ ಮಗಳು. ಅವನು ತೀರಿಕೊಂಡಾಗ ನನ್ನ ಗಂಡ ಚಿಕ್ಕೋಡಿಯಲ್ಲಿ ಶಾಲೆ ಮಾಸ್ತರ. ಭಾವಕಿಯ, ಅಂದರೆ ದಾಯಾದಿಗಳ, ಹಿರಿಯರೆಲ್ಲ ಕೂಡಿ, "ಲಾವಣಿಗೆ ಹಾಕಿ ಬಿಡು ಮಗಳ, ಹೊಲ ಮಾಡೂದು ಹೆಣ್ಣಮಕ್ಕಳ ಕೆಲಸ ಅಲ್ಲ" ಅಂದರು. ಹಾಗೆ ಗುತ್ತಿಗೆಗೆ ಹಿಡಿಯಲು ತಯಾರಾಗಿ ನಿಂತವನು ಚಿಕ್ಕಪ್ಪನ ಮಗನೇ. ನಾನು ಆಗಲ್ಲ ಅಂದೆ. ಗಂಡ ವಾರವೆಲ್ಲ ಚಿಕ್ಕೋಡಿಯಲ್ಲಿ, ನಾನು ಹೊಲದ ಮನೆಯಲ್ಲಿ. ರಜೆ ಇದ್ದಾಗ ಅವನು ಬರುತ್ತಿದ್ದ. ಹಾಗೇ ಸಂಸಾರ ನಡೆಯಿತು, ದ್ರಾಕ್ಷಿಯೂ ಬಂತು. ಚಿಕ್ಕಪ್ಪನ ಮಗನಿಗೆ ಮಾತ್ರ ಆ ನಿರಾಸೆ ಹೊಟ್ಟೆಯೊಳಗೇ ಉಳಿಯಿತು. ಅವನ ಹೊಲ ನನ್ನ ಹೊಲಕ್ಕೆ ಹತ್ತಿಕೊಂಡೇ ಇದೆ.

ಕಬ್ಬಿನ ಬೇಟೆ ಹೇಗೆ ನಡೆಯುತ್ತದೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಆಳೆತ್ತರದ ಕಬ್ಬಿನೊಳಗೆ ಮೊಲ, ನರಿ, ಕಾಡುಹಂದಿ ಎಲ್ಲ ವರ್ಷವಿಡೀ ಮನೆ ಮಾಡಿಕೊಂಡಿರುತ್ತವೆ. ಗ್ಯಾಂಗಿನವರು ಸುತ್ತಲಿಂದ ಕಡಿಯುತ್ತ ಬಂದಂತೆ ಅವು ಒಳಗೊಳಗೆ ಸರಿಯುತ್ತವೆ. ಕೊನೆಗೆ ನಡುವೆ ಒಂದು ಸಣ್ಣ ಪಟ್ಟಿ ಉಳಿದಾಗ ಎಲ್ಲವೂ ಅದರಲ್ಲೇ. ಆಗ ಬೇಟೆಗಾರರು ಬರುತ್ತಾರೆ. ಒಂದು ಕಡೆ ಬಲೆ ಕಟ್ಟಿ, ಉಳಿದ ಕಡೆ ನಾಯಿ ಬಿಟ್ಟು, ಕೂಗು ಹಾಕುತ್ತಾರೆ. ಓಡಿ ಬಂದದ್ದನ್ನು ಬಡಿಯುತ್ತಾರೆ. ಇದಕ್ಕೆ ಅವರಿಗೆ ಬೇಕಾದದ್ದು ಒಂದೇ ಸುದ್ದಿ: ಯಾರ ಕಬ್ಬು ಯಾವತ್ತು ಮುಗಿಯುತ್ತದೆ. ನನ್ನ ಕಬ್ಬಿನ ಸುದ್ದಿ ಅವರಿಗೆ ಯಾರು ಮುಟ್ಟಿಸುತ್ತಾರೆಂದು ನನಗೆ ಬಹಳ ದಿನ ತಿಳಿದಿರಲಿಲ್ಲ.

ಹೊಟ್ಟೆಪಾಡಿಗೆ ಮೊಲ ಹಿಡಿಯುವವರ ಮಾತಲ್ಲ ಇದು. ಇವರು ಪೇಟೆಯ ಮಂದಿ. ಜೀಪು, ಬೂಟು, ತಂಪು ಕನ್ನಡಕ, ನಾಯಿಗಳಿಗೂ ಚರ್ಮದ ಪಟ್ಟೆ. ಮೊದಲ ಸಲ ಅವರನ್ನು ಎದುರಿಗೆ ಕಂಡದ್ದು ಒಂದು ಭಾನುವಾರ ಬೆಳಿಗ್ಗೆ. ದ್ರಾಕ್ಷಿ ಕಾಯಿ ಹಿಡಿದು ಗೊಂಚಲು ತೂಗುತ್ತಿದ್ದ ಕಾಲ. ನಾಯಿಗಳು ಸಾಲಿನೊಳಗೆ ನುಗ್ಗಿ ಓಡುತ್ತಿದ್ದವು. ಡ್ರಿಪ್ ಪೈಪು ತುಳಿದು ನೀರು ಕಾರಂಜಿಯಂತೆ ಚಿಮ್ಮುತ್ತಿತ್ತು. ಒಬ್ಬನಂತೂ ಬಿಸಿಲಾಯಿತೆಂದು ತನ್ನ ಜಾಕೀಟು ಬಿಚ್ಚಿ ನನ್ನ ಬಳ್ಳಿಯ ತಂತಿಗೆ ನೇತು ಹಾಕಿದ್ದ. ಅದು ಅವನ ಮನೆಯ ಗೂಟವೇನೋ ಅನ್ನುವ ಹಾಗೆ.

"ಯಾರ್ರಿ ನೀವು? ಯಾರನ್ನ ಕೇಳಿ ಒಳಗ ಬಂದೀರಿ?" ಅಂದೆ.

ಜಾಕೀಟಿನವನು ನಕ್ಕ. "ಮಾಲಕರನ್ನ ಕೇಳೇವ್ರಿ ವೈನಿ. ನೀವು ಮನಿಯೊಳಗ ಹೋಗ್ರಿ, ನಾಯಿ ಕೆಟ್ಟ ಅದಾವು."

"ಮಾಲಕಿ ನಾನ ಅದೀನಿ. ನಿಮ್ಮ ನಾಯಿ ಹಿಡಕೊಳ್ರಿ ಮೊದಲ."

ಅವನು ಪಕ್ಕದವನ ಕಡೆ ತಿರುಗಿ ಮರಾಠಿಯಲ್ಲಿ, ಇವಳಿಗೆ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇನೋ ಅಂದ. ನಮ್ಮ ಕಡೆ ಮರಾಠಿ ತಿಳಿಯದವರು ಯಾರಿದ್ದಾರೆ! ನಾನು ಮರಾಠಿಯಲ್ಲೇ ಅವನ ಮನೆಯ ಹೆಂಗಸರ ಕ್ಷೇಮ ಸಮಾಚಾರ ಕೇಳಿದೆ, ಅವರು ಇವನಿಗೆ ಇಷ್ಟೇ ಬುದ್ಧಿ ಕಲಿಸಿದ್ದಾರೋ ಅಂತ. ಅವನ ನಗೆ ನಿಂತಿತು. ಆದರೆ ಅವರು ಹೋಗಲಿಲ್ಲ. ಕಬ್ಬಿನಲ್ಲಿ ಕೂಗು ಹಾಕಿ, ಒಂದು ಹಂದಿ ಬಡಿದು, ಕಾಲು ಕಟ್ಟಿ ಜೀಪಿಗೆ ಎಸೆದುಕೊಂಡೇ ಹೋದರು. ಆ ದಿನ ನಾನು ಪೈಪು ಜೋಡಿಸುತ್ತ ಕೂತಿದ್ದೆ.

ಅವರು ಹೇಳಿದ ಆ 'ಮಾಲಕರು' ಯಾರೆಂದು ಅನುಮಾನ ಬಂದು ಚಿಕ್ಕಪ್ಪನ ಮಗನ ಮನೆಗೆ ಹೋಗಿ ಕೇಳಿದೆ. ಅವನು ಚಹಾ ಕುಡಿಯುತ್ತ ಕೂತಿದ್ದ.

"ಹೂಂ ಅಕ್ಕಾ, ನಾನ ಹೇಳಿದ್ನಿ ಬರ್ರಿ ಅಂತ. ದೊಡ್ಡ ಮಂದಿ ಅದಾರ. ನಾಳೆ ನಮಗ ಬೇಕಾಗ್ತಾರ. ಹಂದಿ ಹೊಡದ್ರ ನಿನ್ನ ಕಬ್ಬಿಗೂ ಚಲೋನ ಅಲ್ಲ?"

"ನನ್ನ ಹೊಲಕ್ಕ ಬರ್ರಿ ಅನ್ನಾಕ ನೀ ಯಾರು?"

"ಹೋಗಽ ಅಕ್ಕಾ. ಹೊಲ ಅಂದ ಮ್ಯಾಲ ನಾಲ್ಕು ಮಂದಿ ಬರ್ತಾರ, ಹೋಗ್ತಾರ. ಮನಿ ಬಾಗಲೇನು ಅದು, ಚಿಲಕ ಹಾಕಾಕ?"

ಹಂದಿ ಕಬ್ಬು ಹಾಳು ಮಾಡುವುದು ಸುಳ್ಳಲ್ಲ. ಬುಡ ಕಡಿದು, ಸಿಹಿ ಇದ್ದಷ್ಟು ಅಗಿದು, ಗರಿ ಚೆಲ್ಲಾಡಿ ಹೋಗುತ್ತವೆ. ಅದನ್ನು ಕಂಡು ನಾನೂ ಬೈದಿದ್ದೇನೆ, ಬೆಳೆ ಬೆಳೆಯುವವಳಲ್ಲವೇ. ಆದರೆ ನನ್ನ ಬೆಳೆ ತಿಂದ ಹಂದಿಯ ನೆಪದಲ್ಲಿ ನನ್ನ ದ್ರಾಕ್ಷಿ ತುಳಿಯುವ ಹಕ್ಕು ಇವರಿಗೆ ಯಾರು ಕೊಟ್ಟರು? ಊರಲ್ಲಿ ಯಾರ ಬಾಯಲ್ಲೂ ಈ ಪ್ರಶ್ನೆ ಬರಲಿಲ್ಲ.

ಕೇಳಿ ಬರುವುದೆಂದರೆ ಏನೆಂದು ನನಗೆ ತೋರಿಸಿಕೊಟ್ಟವಳು ಗಾಯರಾಣದ ಅಂಚಿನಲ್ಲಿದ್ದ ಕುರಿಯವರ ಹೆಂಗಸು. ನನಗಿಂತ ಹಿರಿಯಳು, ನಾನು ಅಕ್ಕ ಅನ್ನುತ್ತಿದ್ದೆ. ಗಂಡ ಕುರಿ ಹೊಡೆದುಕೊಂಡು ದೂರ ಹೋದರೆ ಇವಳು ಮನೆ, ಒಂದು ತುಂಡು ಒಣಭೂಮಿ, ಒಂದು ಎಮ್ಮೆ ನೋಡಿಕೊಂಡು ಇರುತ್ತಿದ್ದಳು. ಪ್ರತಿ ಮಳೆಗಾಲ ಮುಗಿದ ಮೇಲೆ ಬಂದು ನನ್ನ ಬದುವಿನ ಆಚೆಯೇ ನಿಂತು ಕೇಳುತ್ತಿದ್ದಳು: "ತಂಗಿ, ಬದುವಿನ ಹುಲ್ಲಿಗೆ ಎಮ್ಮಿ ಬಿಡ್ಲೇನು?" ಹೋದ ವರ್ಷವೇ ಹೇಳಿಲ್ಲವೇ ಅಂದರೆ, "ಹೋದ ವರ್ಷದ ಮಾತು ಹೋದ ವರ್ಷಕ್ಕ ಮುಗೀತು" ಅನ್ನುತ್ತಿದ್ದಳು. ಎಮ್ಮೆಯ ಹಗ್ಗ ಕೈಯಲ್ಲೇ ಹಿಡಿದು ಮೇಯಿಸುತ್ತಿದ್ದಳು, ಬಾಯಿ ಬೆಳೆಗೆ ತಾಗಬಾರದೆಂದು.

ಮರು ವರ್ಷ ಕಬ್ಬು ಕಡಿಯುವ ಮೊದಲೇ ಆದದ್ದನ್ನು ಈಗ ಹೇಳುತ್ತೇನೆ.

ಬೆಳಿಗ್ಗೆ ದ್ರಾಕ್ಷಿಯಲ್ಲಿ ಆಳುಗಳ ಜೊತೆ ಗೊಂಚಲಿನ ಒತ್ತಾದ ಕಾಯಿ ಕಿತ್ತು ವಿರಳ ಮಾಡುತ್ತಿದ್ದೆ. ಹಳ್ಳದ ಕಡೆಯಿಂದ ಟ್ರ್ಯಾಕ್ಟರ್ ಟೈರು ಒಡೆದಂಥ ಸಪ್ಪಳ ಕೇಳಿಸಿತು. ಅದರ ಹಿಂದೆಯೇ ಅಕ್ಕನ ಚೀರಾಟ. ಓಡಿದೆ.

ಎಮ್ಮೆ ನಿಂತಿತ್ತು. ಅದು ನಿಂತಿದ್ದನ್ನು ಕಂಡು ಏನೂ ಆಗಿಲ್ಲ ಅಂದುಕೊಂಡೆ. ಅದು ಮುಖ ತಿರುಗಿಸಿದಾಗ ಕಾಣಿಸಿತು. ಕೆಳಗಿನ ದವಡೆ ಚೂರಾಗಿ ತೊಗಲಿನಲ್ಲಿ ಜೋತಾಡುತ್ತಿತ್ತು, ನಾಲಿಗೆ ಅರ್ಧಕ್ಕೆ ಹರಿದಿತ್ತು. ಒದರಲು ಅದಕ್ಕೆ ಬಾಯಿಯೇ ಉಳಿದಿರಲಿಲ್ಲ. ಮೂಗಿನಿಂದ ಭುಸ್ ಭುಸ್ ಅನ್ನುತ್ತಿತ್ತು, ಅಷ್ಟೇ. ಅಕ್ಕ ಹಗ್ಗ ಬಿಟ್ಟಿರಲಿಲ್ಲ. ಸೀರೆ, ಕೈ, ಮುಖ ಎಲ್ಲ ರಕ್ತ. "ಹಿಟ್ಟಿನ ಉಂಡಿ ಇತ್ತು ತಂಗಿ, ಹುಲ್ಲಿನಾಗ. ನಾ ಜಗ್ಗೂದ್ರಾಗ ತಿಂದಬಿಡ್ತು," ಅಂದಳು.

ಹಂದಿಗೆಂದು ಹಿಟ್ಟಿನೊಳಗೆ ಸಿಡಿಮದ್ದು ಇಟ್ಟಿದ್ದರು. ಬಲೆ, ನಾಯಿ ಎಲ್ಲ ತಾಪತ್ರಯ ಬೇಡವೆಂದು ಜೀಪಿನವರು ಈಗ ಈ ದಾರಿ ಹಿಡಿದಿದ್ದರು. ನನ್ನ ಬದುವಿನ ಮೇಲೆ. ನನ್ನ ಆಳುಗಳು ಬರಿಗಾಲಲ್ಲಿ ನಡೆಯುವ, ಅವರ ಮಕ್ಕಳು ಆಡುವ ಬದು ಅದು.

ದನದ ಡಾಕ್ಟರರು ಬಂದರು. ನೋಡಿದರು, ತಲೆ ಅಲ್ಲಾಡಿಸಿದರು. ಅಕ್ಕ ಅವರ ಮುಂದೆ ಕೈ ಜೋಡಿಸಿ, "ಗಂಜಿ ಮಾಡಿ ಬಿದರ ನಳಗೀಲೆ ಕುಡಸ್ತೀನ್ರಿ ಸಾಹೇಬ್ರ, ದಿನಾ ಕುಡಸ್ತೀನಿ" ಅಂದಳು. ಅವರು ಒಳ್ಳೆಯವರು, ಸಾಧ್ಯವಿಲ್ಲ ಅಂತ ನಿಧಾನವಾಗಿ ತಿಳಿಸಿ ಹೇಳಿದರು. ಎಮ್ಮೆ ನೀರಿನ ಬಾನಿಯ ಹತ್ತಿರ ಹೋಗಿ ಮೂಸುತ್ತಿತ್ತು, ಕುಡಿಯಲಾಗದೆ ಮತ್ತೆ ಹಿಂದೆ ಸರಿಯುತ್ತಿತ್ತು. ಕೊನೆಗೆ ಡಾಕ್ಟರರು ಸೂಜಿ ಕೊಟ್ಟರು. ಅದು ಮಲಗುವವರೆಗೆ ಅಕ್ಕ ಅದರ ಕಿವಿಯ ಹಿಂದೆ ತುರಿಸುತ್ತಲೇ ಇದ್ದಳು.

ಡಾಕ್ಟರರು ಹೇಳಿದ್ದಕ್ಕೆ ನಾನು ಬದುವಿನ ಕಡೆ ಯಾರನ್ನೂ ಬಿಡದೆ ಪೊಲೀಸರಿಗೆ ಫೋನು ಮಾಡಿದೆ. ಅವರು ಬಂದು ಹುಡುಕಿದಾಗ ಹುಲ್ಲಿನಲ್ಲಿ ಅಂಥವೇ ಇನ್ನಷ್ಟು ಉಂಡಿ ಸಿಕ್ಕವು. ಅದನ್ನು ನೋಡಿ ನನ್ನ ಆಳಿನ ಹೆಂಗಸೊಬ್ಬಳು ಓಡಿ ಹೋಗಿ ತನ್ನ ಕೂಸನ್ನು ಎತ್ತಿಕೊಂಡಳು. ಹಿಂದಿನ ದಿನ ಆ ಉಂಡಿ ಸಿಕ್ಕ ಜಾಗದಲ್ಲೇ ಅದನ್ನು ಮಲಗಿಸಿದ್ದಳು.

ಊರ ಕಟ್ಟೆಯ ಮೇಲೆ ಹಿರಿಯರು ಕೂಡಿದರು. ನ್ಯಾಯ ಮಾಡುತ್ತಾರೆಂದು ನಾನು ನಂಬಿ ಹೋಗಿದ್ದೆ. ಒಬ್ಬ ಹಿರಿಯರು ಮೊದಲು ಅಕ್ಕನ ಕಡೆ ನೋಡಿ ಕೇಳಿದರು: "ಅಲ್ಲವಾ, ನಿನ್ನ ಎಮ್ಮಿ ಮತ್ತೊಬ್ಬರ ಹೊಲಕ್ಕ ಯಾಕ ಹೋಗಿತ್ತು?"

ಅಕ್ಕ ತಲೆ ತಗ್ಗಿಸಿದಳು.

"ನಾ ಬಾ ಅಂದಿದ್ನಿ, ಬಂದಿತ್ತು," ಅಂದೆ ನಾನು. "ಮದ್ದು ಇಟ್ಟಾವರಿಗೆ ಬರ್ರಿ ಅಂದಾವರು ಯಾರು, ಅದನ್ನ ಕೇಳ್ರಿ."

"ಯಾರು ಇಟ್ಟಾರ ಅಂತ ಯಾರು ನೋಡ್ಯಾರವಾ? ಸುಮ್ನ ಒಬ್ಬರ ಮ್ಯಾಲ ಹೇಳಾಕ ಬರೂದಿಲ್ಲ."

ಆಗ ಚಿಕ್ಕಪ್ಪನ ಮಗ ಬಾಯಿ ಹಾಕಿದ. ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ. "ಅವರದೂ ಪೂರಾ ತಪ್ಪಲ್ಲರಿ. ಹಳ್ಳದ ಆಚಿ ಕಡೆ ಅಷ್ಟ ಇಡ್ತೀವಿ ಅಂತ ಹೇಳಿದ್ರು, ಕತ್ತಲಾಗ ಬದು ತಿಳದಿರಾಕಿಲ್ಲ..."

ಅಷ್ಟು ಹೇಳಿ ನಿಲ್ಲಿಸಿದ. ತಾನು ಏನಂದೆ ಅಂತ ಅವನಿಗೆ ಆಮೇಲೆ ಹೊಳೆಯಿತು.

ಇವನಿಗೆ ಗೊತ್ತಿತ್ತು. ಮದ್ದು ಇಡುತ್ತಾರೆಂದು ಗೊತ್ತಿತ್ತು, ಗೊತ್ತಿದ್ದೂ ಹಗಲೆಲ್ಲ ನಮ್ಮ ಎದುರಿಗೆ ಓಡಾಡಿಕೊಂಡಿದ್ದ, ಅಕ್ಕ ಎಮ್ಮೆ ಹಿಡಿದು ಹೋಗುವುದನ್ನು ನೋಡುತ್ತಿದ್ದ. ನಾನು ಆ ಕಟ್ಟೆಯ ಮೇಲೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನಮ್ಮಪ್ಪ ಕೂಡ ನನ್ನ ಬಾಯಲ್ಲಿ ಅಂಥ ಮಾತು ಕೇಳಿರಲಿಲ್ಲ. ಹಿರಿಯರು, "ಹೆಣ್ಣಮಗಳಾಗಿ ಹಿಂಗ ಮಾತಾಡಬಾರದವಾ" ಅಂದರು. ಎಮ್ಮೆಯ ದವಡೆ ಹಾರಿಸಿದ್ದಕ್ಕಿಂತ ನನ್ನ ಮಾತು ಅವರಿಗೆ ದೊಡ್ಡ ಅಪರಾಧವಾಗಿ ಕಂಡಿತು. "ಮನಿ ಮಾತು ಮನಿಯೊಳಗ ಮುಗಿಸ್ರಿ" ಅಂತ ಹೇಳಿ ಎದ್ದರು.

ಪೊಲೀಸ್ ಠಾಣೆಗೆ ನನ್ನ ಜೊತೆ ಬಾ ಅಂತ ಅಕ್ಕನನ್ನು ಕರೆದೆ. ಅವಳ ಗಂಡ ಅಷ್ಟರಲ್ಲಿ ಊರಿಗೆ ಬಂದಿದ್ದ. ಅವನು ನನಗೆ ಕೈ ಮುಗಿದ. "ಬ್ಯಾಡ್ರಿ ಅಕ್ಕಾರ. ನಾವು ಕುರಿ ತಗೊಂಡು ಹತ್ತೂರು ತಿರಗಾವ್ರು. ನೀವು ಬೇಕಂದ್ರ ನಾಳೆ ಚಿಕ್ಕೋಡಿಗೆ ಹೋಗ್ತೀರಿ. ನಾವು ಎಲ್ಲಿ ಹೋಗೂಣು?" ಅವತ್ತು ಅವನ ಮೇಲೂ ನನಗೆ ಸಿಟ್ಟು ಬಂತು. ನಿಮ್ಮ ಎಮ್ಮೆಗಾಗಿ ನಾನು ಬಡಿದಾಡುತ್ತಿದ್ದರೆ ನೀವೇ ಹಿಂದೆ ಸರಿಯುತ್ತೀರಾ ಅಂತ. ದಾರಿಯಲ್ಲಿ ಬರುತ್ತ ಬರುತ್ತ ಆ ಸಿಟ್ಟು ಇಳಿಯಿತು. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಗಂಡ ರಜೆ ಹಾಕಿ ಬಂದ. ಅವನ ಗಾಡಿಯ ಮೇಲೆಯೇ ಠಾಣೆಗೆ ಹೋದೆವು. ಬರೆದುಕೊಳ್ಳುವವರು ನನ್ನನ್ನು ಬಿಟ್ಟು ಅವನಿಗೆ ಕುರ್ಚಿ ತೋರಿಸಿ, "ಹೇಳ್ರಿ ಮಾಸ್ತರ, ನಿಮ್ಮ ಹೊಲದಾಗ ಏನಾತು?" ಅಂದರು.

"ನನ್ನದು ಎಲ್ಲಿಯ ಹೊಲರಿ? ಮಾಲಕರು ಇವರ. ನಾ ಗಾಡಿ ಹೊಡ್ಯಾಕ ಬಂದೀನಿ," ಅಂತ ನನ್ನ ಗಂಡ ನಿಂತೇ ಇದ್ದ. ಆ ವಾರದಲ್ಲಿ ನನಗೆ ನಗು ಬಂದದ್ದು ಅದೊಂದೇ ಸಲ.

ಅರಣ್ಯ ಇಲಾಖೆಯ ಕಚೇರಿಗೂ ಹೋಗಿ ಬರೆದುಕೊಟ್ಟೆ. ಅಲ್ಲಿದ್ದ ಅಧಿಕಾರಿ ಸಣ್ಣ ವಯಸ್ಸಿನವರು. "ಮೇಡಂ, ಅವರು ಬ್ಯಾಟಿ ಸಾಮಾನ ಸಮೇತ ಸಿಗಬೇಕು. ಬಂದ ಗಳಿಗೆಗೆ ಫೋನ್ ಮಾಡ್ರಿ, ನಾವು ಮುಟ್ಟೂತನಕ ಹೋಗಗೊಡಬ್ಯಾಡ್ರಿ" ಅಂದರು. ನಾಯಿ, ಜೀಪು, ಕೋಲು ಇದ್ದ ಗಂಡಸರನ್ನು ನಾನು ಹೇಗೆ ಹಿಡಿದಿಡಲಿ ಅಂತ ಕೇಳಬೇಕೆನಿಸಿತು. ಅವರ ಫೋನ್ ನಂಬರು ಬರೆದುಕೊಂಡು ಬಂದೆ.

ಕಬ್ಬು ಕಡಿಯುವ ದಿನ ಬಂತು. ಗ್ಯಾಂಗಿನ ಮುಕಾದಮನಿಗೆ, ಸುತ್ತಲಿಂದ ಕಡಿಯಬೇಡ, ರಸ್ತೆಯ ಕಡೆಯಿಂದ ಹಳ್ಳದ ಕಡೆಗೆ ಸಾಲು ಹಿಡಿದು ಕಡಿ ಅಂದೆ. ಹೊರೆ ಹೊರುವುದು ದೂರವಾಗುತ್ತದೆಂದು ಗೊಣಗಿದ. ಆದರೂ ಕೇಳಿದ. ಹಾಗೆ ಕಡಿದರೆ ಒಳಗಿನ ಪ್ರಾಣಿಗಳಿಗೆ ಹಿಂದೆ ಹಳ್ಳ ಇಳಿದು ಗಾಯರಾಣ ಸೇರಲು ದಾರಿ ಉಳಿಯುತ್ತದೆ. ಅದರಲ್ಲಿ ದಯೆಗಿಂತ ಹಟವೇ ಹೆಚ್ಚಿತ್ತು ಅಂತ ಒಪ್ಪಿಕೊಳ್ಳುತ್ತೇನೆ. ಅವರ ಕೈಗೆ ಒಂದು ಮೊಲವೂ ಸಿಗಬಾರದು ಅನ್ನುವ ಹಟ.

ಠಾಣೆಯಲ್ಲಿ ದೂರು ಇದೆ, ಇನ್ನು ಬರಲಾರರು ಅಂತ ಎಲ್ಲರೂ ಹೇಳಿದ್ದರು. ಭಾನುವಾರ ಜೀಪು ಬಂದೇ ಬಂತು. ಅದನ್ನು ನೋಡಿದಾಗ ನನಗೆ ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಇವರಿಗೆ ನನ್ನ ದೂರು ಅಂದರೆ ಕಾಲಿನ ಧೂಳಿನಷ್ಟೂ ಲೆಕ್ಕವಿಲ್ಲ ಅನ್ನುವುದು ತಿಳಿದು ಕಿವಿಯೊಳಗೆ ಗುಂಯ್ ಅಂತು. ಮನೆಯೊಳಗೆ ಹೋಗಿ ಅರಣ್ಯ ಇಲಾಖೆಗೆ ಫೋನು ಮಾಡಿ, ಸೀದಾ ಅವರ ಎದುರಿಗೆ ಹೋಗಿ ನಿಂತೆ.

ಅದೇ ಜಾಕೀಟಿನವನು. "ಏನ್ರಿ ವೈನಿ, ನಮ್ಮ ಮ್ಯಾಲ ಕಂಪ್ಲೇಂಟ್ ಕೊಟ್ಟೀರಂತ?"

"ಕೊಟ್ಟೀನಿ. ಇನ್ನೊಂದು ಕೊಡೂದು ಉಳದೈತಿ."

"ಒಂದು ಎಮ್ಮಿ ಸಲುವಾಗಿ ಇಷ್ಟು?"

ಆಗ ನಾನು ಶುರು ಮಾಡಿದೆ. ಅವರನ್ನು ತಡೆಯಲು ನನ್ನ ಹತ್ತಿರ ನಾಲಿಗೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ತುಳಿದ ಪೈಪಿನಿಂದ ಹಿಡಿದು ಬೈದೆ, ಕನ್ನಡದಲ್ಲಿ ಬೈದೆ, ಮರಾಠಿಯಲ್ಲಿ ಬೈದೆ, ಅವರ ನಾಯಿಯ ಕುಲ ಒಳ್ಳೆಯದು, ಹಗ್ಗ ಹಿಡಿದವರದೇ ಗೊತ್ತಿಲ್ಲ ಅಂದೆ. ಅವರಿಗೆ ಮೊದಲು ಮಜಾ ಅನ್ನಿಸಿತು. ಕೈ ಕಟ್ಟಿ ನಿಂತು ನಕ್ಕರು, ಒಬ್ಬ ಮೊಬೈಲಿನಲ್ಲಿ ನನ್ನ ವಿಡಿಯೋ ತೆಗೆಯತೊಡಗಿದ. ತೆಗೆಯಲಿ ಅಂತ ಇನ್ನೂ ಜೋರು ಮಾಡಿದೆ. ಈ ನಡುವೆ ಕಬ್ಬಿನ ಟ್ರ್ಯಾಕ್ಟರ್ ಡ್ರೈವರ್ ನಾನು ಮೊದಲೇ ಹೇಳಿಟ್ಟ ಹಾಗೆ ತುಂಬಿದ ಟ್ರಾಲಿಯನ್ನು ತಂದು ಜೀಪಿನ ಹಿಂದೆ ಬಂಡಿದಾರಿಗೆ ಅಡ್ಡ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ ಇಳಿದ.

ಜಾಕೀಟಿನವನಿಗೆ ಅದು ಕಂಡದ್ದು ತಡವಾಗಿ. "ಏ, ಟ್ರಾಲಿ ತಗೀ!" ಅಂತ ಕೂಗಿದ.

"ಕೆಟ್ಟೈತ್ರಿ," ಅಂದ ಡ್ರೈವರ್.

ಜಾಕೀಟಿನವನ ನಗೆ ಹೋಯಿತು. ನನ್ನ ಹತ್ತಿರ ಬಂದು ಬೆರಳು ತೋರಿಸಿ, ಇದರ ಪರಿಣಾಮ ನೆಟ್ಟಗಿರೂದಿಲ್ಲ ಅಂದ. ಅವನ ಬೆರಳು ನನ್ನ ಮೂಗಿನ ಮುಂದೆಯೇ ಇತ್ತು. ನಾನು ಹಿಂದೆ ಸರಿಯಲಿಲ್ಲ. ಸರಿದಿದ್ದರೆ ಆವತ್ತೇ ಎಲ್ಲ ಮುಗಿಯುತ್ತಿತ್ತು. ಅಷ್ಟರಲ್ಲಿ ರಸ್ತೆಯಲ್ಲಿ ಇಲಾಖೆಯ ಗಾಡಿ ಕಂಡಿತು.

ಜೀಪಿನೊಳಗೆ ಬಲೆ ಸಿಕ್ಕಿತು, ಬೇರೆ ಯಾರದೋ ಹೊಲದಲ್ಲಿ ಬಡಿದ ಮೊಲ ಸಿಕ್ಕಿತು, ಸೀಟಿನ ಕೆಳಗೆ ಡಬ್ಬಿಯಲ್ಲಿ ಆ ಉಂಡಿಗಳೂ ಸಿಕ್ಕವು. ಪಂಚನಾಮೆ ನಡೆಯುವಾಗ ಚಿಕ್ಕಪ್ಪನ ಮಗ ಓಡಿ ಬಂದು ನನ್ನ ಮುಂದೆ ಕೈ ಜೋಡಿಸಿದ. "ಅಕ್ಕಾ, ಮನೆತನದ ಮರ್ಯಾದಿ ತಗೀಬ್ಯಾಡ. ಇವರನ್ನ ಬಿಟ್ಟಬಿಡ್ರಿ ಅಂತ ಸಾಹೇಬ್ರಿಗೆ ಹೇಳು."

"ಮನೆತನ ನಿನಗ ಈಗ ನೆನಪಾತೇನು?" ಅಂದೆ. ಅವನು ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅವನ ಮಗಳ ಮದುವೆಗೆ ಇಡೀ ಭಾವಕಿಗೆ ಕರೆ ಹೋಯಿತು, ನಮ್ಮ ಮನೆಗೆ ಬರಲಿಲ್ಲ. ಒಂದು ಎಮ್ಮೆಗಾಗಿ ತಮ್ಮನನ್ನು ಕಳೆದುಕೊಂಡಳು ಅಂತ ಊರಲ್ಲಿ ಹೆಂಗಸರೂ ಆಡಿಕೊಳ್ಳುತ್ತಾರೆ. ಕಳೆದುಕೊಂಡವಳು ನಾನೋ ಅವನೋ ಅಂತ ಯಾರೂ ಕೇಳುವುದಿಲ್ಲ.

ಆ ಹಂಗಾಮಿನಲ್ಲಿ ಬದುಕಿ ಗಾಯರಾಣ ಸೇರಿದ ಹಂದಿಗಳು ಮರು ವರ್ಷ ವಾಪಸ್ಸು ಬಂದು ಕಡಿದ ಬುಡದಿಂದ ಚಿಗುರಿದ ನನ್ನ ಕುಳೆ ಕಬ್ಬು ಹಾಳು ಮಾಡಿದವು. ಅವಕ್ಕೂ ಬಾಯಿ ತುಂಬ ಬೈದೆ. ಈಗ ಬದುಗುಂಟ ತಂತಿ ಬೇಲಿ ಹಾಕಿಸಿದ್ದೇನೆ.

ಅಕ್ಕ ಮತ್ತೊಂದು ಎಮ್ಮೆ ಕಟ್ಟಿದಳು. ಆದರೆ ಮುಂದಿನ ಮಳೆಗಾಲ ಮುಗಿದ ಮೇಲೂ ನನ್ನ ಹೊಲಕ್ಕೆ ಬರಲಿಲ್ಲ. ನಾನೇ ಹೋಗಿ ಕರೆದೆ. "ನಿನ್ನ ಮ್ಯಾಲ ಸಿಟ್ಟಿಲ್ಲ ತಂಗಿ. ಆ ಕಡೆ ಕಾಲಽ ಏಳೂದಿಲ್ಲ," ಅಂದಳು. ಕೇಳಿ ಬರುತ್ತಿದ್ದವಳ ಕಾಲು ನಿಂತಿತು. ಅದನ್ನು ಯಾವ ಪಂಚನಾಮೆಯಲ್ಲೂ ಬರೆಸಲು ಬರುವುದಿಲ್ಲ.

ಕೇಸು ಅಥಣಿಯ ಕೋರ್ಟಿನಲ್ಲಿ ನಡೆಯುತ್ತಿದೆ. ತಾರೀಖಿನ ಮೇಲೆ ತಾರೀಖು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬರುತ್ತಾರೆ, ನಾನು ಬಸ್ಸಿನಲ್ಲಿ ನಿಂತು ಬರುತ್ತೇನೆ. ಹೋದ ಸಲ ಜಾಕೀಟಿನವನು ಪಡಸಾಲೆಯಲ್ಲಿ ನನ್ನ ಹತ್ತಿರ ಬಂದ. ದನಿ ಬಹಳ ಮೆತ್ತಗಾಗಿತ್ತು.

"ಆದದ್ದು ಆತ್ರಿ. ನಿಮ್ಮ ಮುಂದ ತಪ್ಪಾತು ಅಂತೀನಿ. ಮುಗಿಸೂಣು."

"ನನ್ನ ಮುಂದ ಯಾಕ? ಎಮ್ಮಿ ಕಳಕೊಂಡಾಕಿ ಮನಿಗೆ ಹೋಗಿ ಹೇಳಿ ಬರ್ರಿ. ಆಮ್ಯಾಲ ಮಾತಾಡೂಣು."

ಅವನು ನಿಜವಾಗಿಯೂ ಅರ್ಥವಾಗದವನಂತೆ ನನ್ನ ಮುಖ ನೋಡಿದ. "ಎಮ್ಮಿ ನಿಮ್ಮದಲ್ಲೇನು?"

ಇಷ್ಟು ದಿನ ಕೋರ್ಟಿಗೆ ಅಲೆದವನಿಗೆ ತಾನು ಯಾರ ಎಮ್ಮೆಯನ್ನು ಕೊಂದೆ ಎಂಬುದೇ ಗೊತ್ತಿರಲಿಲ್ಲ. ಗಾಯರಾಣದ ಅಂಚಿನ ಕುರಿಯವರ ಹೆಂಗಸಿನದು ಅಂದೆ. "ಓ, ಅವರದಾ," ಅಂದ. ಅವನ ಮುಖದ ಮೇಲೆ ಏನೋ ಹಗುರಾದಂತೆ ಕಂಡಿತು.

ಒಳಗಿನಿಂದ ನಮ್ಮ ಕೇಸಿನ ನಂಬರು ಕೂಗಿದರು. ನಾನು ಅವನನ್ನು ದಾಟಿಕೊಂಡು ಒಳಗೆ ಹೋದೆ.